ಹಾರುವ ಮೊದಲು ನೆಲದ ಮೇಲಿನ ಕೆಲಸ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹೆಗ್ಗಡದೇವನಕೋಟೆಗೆ ರಸ್ತೆಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ನಾಲ್ಕು ಸೀಟಿನ ಸಣ್ಣ ವಿಮಾನಕ್ಕೆ ಕಾಲು ಗಂಟೆ ಸಾಕು. ಆ ನಿಲ್ದಾಣದಲ್ಲಿ ಓರಿಯೆಂಟ್ ಫ್ಲೈಟ್ಸ್ ಎಂಬ ಪೈಲಟ್ ತರಬೇತಿ ಶಾಲೆ ಇದೆ. ದಸರಾ ಬಂತೆಂದರೆ ಲಲಿತಮಹಲ್ ಹೆಲಿಪ್ಯಾಡಿನಲ್ಲಿ ಹೆಲಿಕಾಪ್ಟರ್ ಸವಾರಿಗೆ ಜನ ಸಾಲುಗಟ್ಟುತ್ತಾರೆ. ಚುನಾವಣೆ ಬಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆಯಂಥ ಊರುಗಳ ಮೈದಾನಗಳಲ್ಲಿ ಸುಣ್ಣದ ವೃತ್ತ ಬರೆದು ನಾಯಕರ ಹೆಲಿಕಾಪ್ಟರಿಗೆ ಕಾಯುವುದು ವಾಡಿಕೆ. ಸಣ್ಣ ವಿಮಾನಗಳು ಶ್ರೀಮಂತರ ಆಟಿಕೆ, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳುವ ಕಾಲ ಮುಗಿದಿದೆ. ನಮ್ಮ ಮಕ್ಕಳು ಅದರಲ್ಲಿ ಕಲಿಯುತ್ತಾರೆ, ನಾವು ಅದರಲ್ಲಿ ಕೂರುತ್ತೇವೆ, ಅದು ನಮ್ಮ ಹೊಲದ ಮೇಲೆ ಹಾರುತ್ತದೆ.

ಹಾಗಾಗಿ ಅದರ ಸುರಕ್ಷತೆ ಎಲ್ಲಿ ತೀರ್ಮಾನವಾಗುತ್ತದೆ ಎಂಬುದು ನಮಗೂ ಗೊತ್ತಿರಬೇಕು. ಅಪಘಾತವಾದಾಗ ನಮ್ಮ ಕಣ್ಣು ಪೈಲಟ್ ಮೇಲೆ, ಮಳೆಗಾಳಿಯ ಮೇಲೆ ಹೋಗುತ್ತದೆ. ಅವೂ ಕಾರಣಗಳೇ. ಆದರೆ ವಿಮಾನ ಮೇಲೇರುವುದಕ್ಕೆ ಎಷ್ಟೋ ದಿನ ಮೊದಲು ಹ್ಯಾಂಗರಿನಲ್ಲಿ ಯಾರೋ ಬಿಗಿದ ಒಂದು ನಟ್ಟು, ಯಾರೋ ಬರೆದ ಒಂದು ಸಾಲು, ಮಾಲೀಕ ಮಂಜೂರು ಮಾಡಿದ ಅಥವಾ ಮುಂದೂಡಿದ ಒಂದು ಖರ್ಚು ಅಷ್ಟೇ ದೊಡ್ಡ ಪಾತ್ರ ವಹಿಸುತ್ತವೆ.

ದೊಡ್ಡ ಪ್ರಯಾಣಿಕ ವಿಮಾನಕ್ಕೆ ಎರಡು ಎಂಜಿನ್, ಇಬ್ಬರು ಪೈಲಟ್, ಬೆನ್ನಿಗೆ ನೂರಾರು ತಂತ್ರಜ್ಞರ ಕಂಪನಿ. ಸಣ್ಣ ವಿಮಾನಕ್ಕೆ ಸಾಮಾನ್ಯವಾಗಿ ಒಂದೇ ಎಂಜಿನ್, ಒಬ್ಬನೇ ಪೈಲಟ್, ಕೈಬೆರಳೆಣಿಕೆಯ ಮೆಕ್ಯಾನಿಕ್‌ಗಳು. ಉಳುಮೆಯ ನಡುವೆ ಟ್ರ್ಯಾಕ್ಟರ್ ಕೆಟ್ಟರೆ ಇಳಿದು ಮೆಕ್ಯಾನಿಕ್‌ಗೆ ಫೋನ್ ಮಾಡಬಹುದು. ವಿಮಾನದಲ್ಲಿ ಆ ಸೌಕರ್ಯ ಇಲ್ಲ. ಎಂಜಿನ್ ನಿಂತ ಮಾತ್ರಕ್ಕೆ ಅದು ಕಲ್ಲಿನಂತೆ ಬೀಳುವುದಿಲ್ಲ ಎಂಬುದು ಸಮಾಧಾನದ ಸಂಗತಿ. ತರಬೇತಿಗೆ ಹೆಚ್ಚು ಬಳಕೆಯಾಗುವ ಸೆಸ್ನಾ 172 ನೆಲದಿಂದ 3,000 ಅಡಿ ಎತ್ತರದಲ್ಲಿ ಎಂಜಿನ್ ಕಳೆದುಕೊಂಡರೂ, ಗಾಳಿ ಎದುರಾಗಿಲ್ಲದಿದ್ದರೆ, ಸುಮಾರು 8 ಕಿಲೋಮೀಟರ್ ತೇಲಿಕೊಂಡು ಹೋಗಬಲ್ಲದು. ಆ 8 ಕಿಲೋಮೀಟರಿನೊಳಗೆ ಇಳಿಯಲು ಜಾಗ ಸಿಗಬೇಕಲ್ಲ? ಹೆಗ್ಗಡದೇವನಕೋಟೆ ಕಡೆ ನಾಗರಹೊಳೆಯ ಕಾಡು. ಕಬಿನಿ, ನುಗು, ತಾರಕ ಜಲಾಶಯಗಳ ಹಿನ್ನೀರು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಲಗಳಿವೆ, ಆದರೆ ತಂಬಾಕಿನ ಬ್ಯಾರನ್‌ಗಳೂ ಪಂಪ್‌ಸೆಟ್‌ಗೆ ಎಳೆದ ಕರೆಂಟಿನ ತಂತಿಗಳೂ ಇವೆ. ಮೇಲಿನಿಂದ ಕಂಬ ಕಂಡೀತು, ತಂತಿ ಕಾಣುವುದು ಕಷ್ಟ. ಕೆ.ಆರ್. ನಗರದ ಗದ್ದೆಯಲ್ಲಿ ನೀರು ನಿಂತಿದ್ದರೆ ಚಕ್ರ ಹೂತು ವಿಮಾನ ಮಗುಚುತ್ತದೆ. ಇಂಥ ನೆಲದ ಮೇಲೆ ಹಾರುವ ವಿಮಾನದ ಎಂಜಿನ್ ನಿಲ್ಲದಂತೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ಮೊದಲ ರಕ್ಷಣೆ.

ವಿಮಾನದ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರಿನವರಾದ ಎಸ್.ವಿ. ಶೆಟ್ಟಿ 1911-12ರಲ್ಲೇ ಇಂಗ್ಲೆಂಡಿನ ಎ.ವಿ. ರೋ ಕಂಪನಿಯಲ್ಲಿ ವಿಮಾನ ಕಟ್ಟುವ ಕೆಲಸ ಮಾಡಿ, ಹಾರಿಸಿ, ಆಮೇಲೆ ಬೆಂಗಳೂರಿಗೆ ಮರಳಿ ಎಂಜಿನಿಯರಿಂಗ್ ಕಲಿಸಿದರು. ಎಚ್‌ಎಎಲ್ ಬೆಂಗಳೂರಿನಲ್ಲಿ ನಿರ್ಮಿಸಿದ ಎರಡು ಸೀಟಿನ ಪುಷ್ಪಕ್ 1958ರಲ್ಲಿ ಮೊದಲ ಬಾರಿ ಹಾರಿತು. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಒಂದು ತಲೆಮಾರಿನ ಪೈಲಟ್‌ಗಳು ಅದರಲ್ಲೇ ಕಲಿತರು. ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಹಂಸ-3ಕ್ಕೆ 2000ದಲ್ಲಿ ಪ್ರಮಾಣಪತ್ರ ಸಿಕ್ಕಿತು. ಅದರ ಸುಧಾರಿತ ರೂಪ ಹಂಸ-ಎನ್‌ಜಿ 2021ರ ಸೆಪ್ಟೆಂಬರಿನಲ್ಲಿ ಹಾರಿತು. ವಿಮಾನ ಕಟ್ಟುವುದರಲ್ಲಿ ನಮಗಿರುವ ಹೆಮ್ಮೆ ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದರಲ್ಲೂ ಇರಬೇಕು.

ನೋವಿನ ನೆನಪುಗಳೂ ನಮ್ಮಲ್ಲಿವೆ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಕರೀಂನಗರದ ಚುನಾವಣಾ ಪ್ರಚಾರಕ್ಕೆ ಹೊರಟ ಸೆಸ್ನಾ 180 ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಬಿತ್ತು. ನಟಿ ಸೌಂದರ್ಯ, ಅವರ ಸಹೋದರ ಅಮರನಾಥ್ ಸೇರಿ ನಾಲ್ವರು ಹೋದರು. ಕನ್ನಡದ ಮನೆಮನೆಯೂ ಅಂದು ಮರುಗಿತು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ರೆಡ್‌ಬರ್ಡ್ ಸಂಸ್ಥೆಯ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ಅದೇ ಸಂಸ್ಥೆಯ ಎರಡು ವಿಮಾನಗಳು ಕೆಲವೇ ದಿನಗಳ ಅಂತರದಲ್ಲಿ ಅಪಘಾತಕ್ಕೀಡಾದಾಗ, ವಿಮಾನಯಾನ ನಿರ್ದೇಶನಾಲಯವಾದ ಡಿಜಿಸಿಎ ಅದರ ತರಬೇತಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಒಂದೊಂದು ಘಟನೆಗೂ ಅದರದೇ ಕಾರಣವಿರುತ್ತದೆ. ಎಲ್ಲವನ್ನೂ ನಿರ್ವಹಣೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಗಾಳಿ, ಮೋಡ, ಹಕ್ಕಿ ನಮ್ಮ ಮಾತು ಕೇಳುವುದಿಲ್ಲ. ಸ್ಪಾನರ್ ನಮ್ಮ ಕೈಯಲ್ಲೇ ಇದೆ.

ನಿರ್ವಹಣೆ ನಡೆಯುವುದು ಹೇಗೆ? ಕಾರಿಗೆ ಕಿಲೋಮೀಟರ್ ಲೆಕ್ಕವಾದರೆ ವಿಮಾನಕ್ಕೆ ಗಂಟೆ ಲೆಕ್ಕ. ಸೆಸ್ನಾದಂಥ ವಿಮಾನದಲ್ಲಿ ಸಾಮಾನ್ಯವಾಗಿ 50 ಗಂಟೆಗೊಮ್ಮೆ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸುತ್ತಾರೆ. ಹಳೆಯ ಫಿಲ್ಟರನ್ನು ಎಸೆಯುವುದಿಲ್ಲ. ಅದನ್ನು ಕತ್ತರಿಸಿ ಬಿಡಿಸಿ, ಮಡಿಕೆಗಳಲ್ಲಿ ಲೋಹದ ಚೂರು ಸಿಕ್ಕಿಕೊಂಡಿದೆಯೇ ಎಂದು ನೋಡುತ್ತಾರೆ. ಮಿನುಗುವ ಕಣ ಕಂಡರೆ ಎಂಜಿನ್ನಿನೊಳಗೆ ಯಾವುದೋ ಭಾಗ ಸವೆಯುತ್ತಿದೆ ಎಂದರ್ಥ. 100 ಗಂಟೆಗೊಮ್ಮೆ ಇನ್ನೂ ಆಳದ ತಪಾಸಣೆ: ಸಿಲಿಂಡರುಗಳ ಕಂಪ್ರೆಷನ್, ಸ್ಪಾರ್ಕ್ ಪ್ಲಗ್, ಬ್ರೇಕ್, ರೆಕ್ಕೆ ಮತ್ತು ಬಾಲದ ಚಲಿಸುವ ಭಾಗಗಳಿಗೆ ಹೋಗುವ ಉಕ್ಕಿನ ಕೇಬಲ್‌ಗಳು. ಇಂಥ ವಿಮಾನಗಳಲ್ಲಿರುವ ಲೈಕಮಿಂಗ್ ಎಂಜಿನ್ನಿನ ಹಲವು ಮಾದರಿಗಳಿಗೆ ತಯಾರಕರು ಹೇಳುವ ಓವರ್‌ಹಾಲ್ ಅವಧಿ 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು.

ಈ 12 ವರ್ಷದ ಮಾತನ್ನು ಮಾಲೀಕರು ಮರೆಯಬಾರದು. ಹಾರದೆ ನಿಂತ ಎಂಜಿನ್ ಸವೆಯುವುದಿಲ್ಲ ಎಂಬ ಭಾವನೆ ತಪ್ಪು. ಓಡುವ ಎಂಜಿನ್ನಿನ ಬಿಸಿಗೆ ಒಳಗಿನ ತೇವ ಆವಿಯಾಗಿ ಹೋಗುತ್ತದೆ, ಆಯಿಲ್ ಎಲ್ಲ ಭಾಗಕ್ಕೂ ಹರಡುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಎಂಜಿನ್ನಿನಲ್ಲಿ ಆಯಿಲ್ ಕೆಳಗಿಳಿದು, ಬರಿದಾದ ಉಕ್ಕಿನ ಮೇಲೆ ತುಕ್ಕು ಕೂರುತ್ತದೆ. ಕ್ಯಾಮ್‌ಶಾಫ್ಟ್ ಮೇಲೆ ಕುಳಿತ ತುಕ್ಕು ಹೊರಗಿನಿಂದ ಕಾಣದು. ವರ್ಷಕ್ಕೆ ನಾಲ್ಕು ಬಾರಿ ಹಾರುವ ಖಾಸಗಿ ವಿಮಾನಕ್ಕೆ ದಿನವೂ ಹಾರುವ ತರಬೇತಿ ವಿಮಾನದಷ್ಟೇ, ಕೆಲವು ಬಾರಿ ಅದಕ್ಕಿಂತ ಹೆಚ್ಚು, ಆರೈಕೆ ಬೇಕು.

ಈ ಕೆಲಸವನ್ನು ಯಾರೆಂದರೆ ಅವರು ಮಾಡುವಂತಿಲ್ಲ. ಡಿಜಿಸಿಎ ಪರವಾನಗಿ ಪಡೆದ, ಎಎಂಇ ಎಂದು ಕರೆಯುವ ವಿಮಾನ ನಿರ್ವಹಣಾ ಎಂಜಿನಿಯರ್ ಪರೀಕ್ಷಿಸಿ ಸಹಿ ಹಾಕಿದ ಮೇಲಷ್ಟೇ ವಿಮಾನ ಮತ್ತೆ ಹಾರಬಹುದು. ಹಾರಲು ಯೋಗ್ಯ ಎಂಬ ಪರಿಶೀಲನಾ ಪತ್ರವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಯಾವ ದಿನ, ಯಾವ ಭಾಗ, ಯಾವ ಕೈಪಿಡಿಯ ಪ್ರಕಾರ, ಯಾರ ಕೈಯಿಂದ ಎಂಬುದೆಲ್ಲ ಲಾಗ್‌ಬುಕ್‌ನಲ್ಲಿ ದಾಖಲಾಗಬೇಕು. ಹಾಕಿದ ಪ್ರತಿ ಭಾಗಕ್ಕೂ ಅದು ಅಸಲಿ ಎಂಬ ಪತ್ರ ಬೇಕು. 2023ರಲ್ಲಿ ಬ್ರಿಟನ್ನಿನ ಎಒಜಿ ಟೆಕ್ನಿಕ್ಸ್ ಎಂಬ ಸಂಸ್ಥೆ ಸುಳ್ಳು ದಾಖಲೆಗಳೊಂದಿಗೆ ಜೆಟ್ ಎಂಜಿನ್ ಭಾಗಗಳನ್ನು ಮಾರಿದ್ದು ಬೆಳಕಿಗೆ ಬಂದಾಗ, ಹಲವು ದೇಶಗಳ ದೊಡ್ಡ ವಿಮಾನ ಕಂಪನಿಗಳೇ ತಮ್ಮ ವಿಮಾನ ನಿಲ್ಲಿಸಿ ಭಾಗ ಹುಡುಕಿ ತೆಗೆಯಬೇಕಾಯಿತು. ಅವರಿಗೇ ಹಾಗಾದರೆ ಒಂದೇ ವಿಮಾನ ಇಟ್ಟುಕೊಂಡವರು ಅಗ್ಗದ ಬೆಲೆಗೆ ಮರುಳಾಗದಂತೆ ಎಷ್ಟು ಎಚ್ಚರ ವಹಿಸಬೇಕು!

ಎಎಂಇ ಸಹಿ ಹಾಕಿದ ಮೇಲೂ ಪೈಲಟ್‌ನ ಕೆಲಸ ಬಾಕಿ ಇರುತ್ತದೆ. ಪ್ರತಿ ಹಾರಾಟಕ್ಕೂ ಮುಂಚೆ ಆತ ವಿಮಾನವನ್ನು ಒಂದು ಸುತ್ತು ಬಂದು ಕೈಯಿಂದ ಮುಟ್ಟಿ ನೋಡಬೇಕು. ಸೆಸ್ನಾ 172ರ ಈಚಿನ ಮಾದರಿಗಳಲ್ಲಿ ಇಂಧನದ ಮಾದರಿ ತೆಗೆಯಲು 13 ಕಡೆ ಕಿರುಗಂಡಿಗಳಿವೆ. ಅಲ್ಲಿಂದ ಪಾರದರ್ಶಕ ಲೋಟಕ್ಕೆ ಸ್ವಲ್ಪ ಇಂಧನ ಬಸಿದು ನೋಡುತ್ತಾರೆ. ಸಣ್ಣ ವಿಮಾನಗಳ ಇಂಧನವಾದ ಆವ್‌ಗ್ಯಾಸ್ 100ಎಲ್‌ಎಲ್ ತಿಳಿನೀಲಿ ಬಣ್ಣದ್ದು. ನೀರು ಬೆರೆತಿದ್ದರೆ ಭಾರವಾದ ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಅರ್ಧ ತುಂಬಿದ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಂಪಿಗೆ ಹನಿಗಟ್ಟುತ್ತದೆ. ಮುಚ್ಚಳದ ರಬ್ಬರ್ ಸವೆದಿದ್ದರೆ ಮಳೆನೀರು ನೇರವಾಗಿ ಒಳಗಿಳಿಯುತ್ತದೆ. ಆ ನೀರು ಎಂಜಿನ್ ತಲುಪುವ ಹೊತ್ತಿಗೆ ವಿಮಾನ ರನ್‌ವೇ ಬಿಟ್ಟು ಇನ್ನೂರು ಅಡಿ ಮೇಲಿದ್ದರೆ ಹಿಂದಿರುಗಲು ಎತ್ತರವೂ ಇಲ್ಲ, ಸಮಯವೂ ಇಲ್ಲ. ಎರಡು ನಿಮಿಷದ ಈ ಪರೀಕ್ಷೆಯನ್ನು ಬಿಡುವುದಕ್ಕೆ ಯಾವ ಅವಸರವೂ ನೆಪವಾಗದು.

ಮ್ಯಾಗ್ನೆಟೊ ಪರೀಕ್ಷೆಯೂ ಹಾಗೆಯೇ. ಇಂಥ ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್, ಅವಕ್ಕೆ ಕಿಡಿ ಕೊಡಲು ಎರಡು ಪ್ರತ್ಯೇಕ ಮ್ಯಾಗ್ನೆಟೊ. ರನ್‌ವೇಗೆ ಹೋಗುವ ಮುನ್ನ ಪೈಲಟ್ ಎಂಜಿನ್ ವೇಗವನ್ನು ನಿಮಿಷಕ್ಕೆ 1,800 ಸುತ್ತಿಗೆ ಏರಿಸಿ, ಒಂದೊಂದೇ ಮ್ಯಾಗ್ನೆಟೊ ಮೇಲೆ ಓಡಿಸಿ ನೋಡುತ್ತಾನೆ. ಸೆಸ್ನಾ 172ಎಸ್‌ನಲ್ಲಿ 150 ಸುತ್ತಿಗಿಂತ ಹೆಚ್ಚು ಇಳಿದರೆ, ಅಥವಾ ಎರಡರ ನಡುವೆ 50ಕ್ಕಿಂತ ಹೆಚ್ಚು ಅಂತರ ಬಂದರೆ, ವಾಪಸ್ ಬರಬೇಕು. 160 ಇಳಿದದ್ದನ್ನು 150 ಎಂದು ಓದಿಕೊಳ್ಳುವ ಮನಸ್ಸಿನಲ್ಲೇ ಅಪಾಯ ಮೊಳೆಯುತ್ತದೆ.

ನಮ್ಮ ಸೀಮೆಯ ಹವೆಯಿಂದ ಬರುವ ತೊಂದರೆಗಳೂ ಇವೆ. ಹಿಮದ ದೇಶದಲ್ಲಷ್ಟೇ ಎಂಜಿನ್ನಿಗೆ ಮಂಜು ಕಟ್ಟುತ್ತದೆ ಎಂದುಕೊಳ್ಳುತ್ತೇವೆ. ಕಾರ್ಬ್ಯುರೇಟರ್ ಇರುವ ಎಂಜಿನ್ನಿನಲ್ಲಿ ಇಂಧನ ಆವಿಯಾಗುವಾಗ ಗಾಳಿ ಥಟ್ಟನೆ ತಣ್ಣಗಾಗುತ್ತದೆ. ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇದ್ದು ಗಾಳಿ ತೇವವಾಗಿದ್ದರೂ ಒಳಗೆ ಮಂಜುಗಡ್ಡೆ ಕಟ್ಟಿ ಉಸಿರುದಾರಿ ಮುಚ್ಚಬಹುದು. ಆಷಾಢದ ಬೆಳಗಿನಲ್ಲಿ ಕಬಿನಿಯ ಮೇಲಿನ ಹವೆ ಹೆಚ್ಚುಕಡಿಮೆ ಇಂಥದೇ. ಪರಿಹಾರಕ್ಕೆ ಸೈಲೆನ್ಸರಿನ ಸುತ್ತ ಬಿಸಿಯಾದ ಗಾಳಿಯನ್ನು ಕಾರ್ಬ್ಯುರೇಟರಿಗೆ ತಿರುಗಿಸುವ ಒಂದು ಹಿಡಿ ಇದೆ. ಅದರ ಕೇಬಲ್ ಸಡಿಲವಾಗಿದ್ದರೆ ಪೈಲಟ್ ಎಳೆದಷ್ಟೂ ವ್ಯರ್ಥ.

ಇನ್ನೊಂದು ಶತ್ರು ಕಡಜ. ಗೋಡೆಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಆ ಹುಳಕ್ಕೆ ವಿಮಾನದ ವೇಗ ಅಳೆಯುವ ಪಿಟೋ ಕೊಳವೆಯ ಕಿರಿದಾದ ಬಾಯಿ ಬಲು ಇಷ್ಟ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಬಳಿ ಬಿರ್ಗೆನ್‌ಏರ್ ಕಂಪನಿಯ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ಸುಮಾರು ಮೂರು ವಾರ ನಿಂತಿದ್ದ ಆ ವಿಮಾನದ ಪಿಟೋ ಕೊಳವೆಯನ್ನು ಕಡಜದ ಗೂಡು ಮುಚ್ಚಿರಬೇಕು ಎಂಬುದು ತನಿಖೆಯ ಶಂಕೆ. ನಿಂತ ವಿಮಾನದ ಕೊಳವೆಗೆ ಕೆಂಪು ಪಟ್ಟಿಯ ಗವಸು ಹಾಕಬೇಕು, ಹಾರುವ ಮುನ್ನ ಅದನ್ನು ತೆಗೆಯಬೇಕು. ಒಂದು ಬಟ್ಟೆಯ ಗವಸಿನ ಮಾತು ಇದು. ಮರೆತರೆ ಜೀವದ ಮಾತು.

ಎಂಜಿನ್ನಿನ ಸೈಲೆನ್ಸರ್ ಬಿರುಕು ಬಿಟ್ಟರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕ್ಯಾಬಿನ್ ಸೇರಬಹುದು. 2019ರ ಜನವರಿ 21ರಂದು ಫುಟ್ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಇದ್ದ ಒಂದೇ ಎಂಜಿನ್ನಿನ ಪೈಪರ್ ವಿಮಾನ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಬಿತ್ತು. ಪೈಲಟ್ ಈ ವಿಷಾನಿಲದಿಂದ ಮಂಕಾಗಿರಬಹುದು ಎಂದಿತು ಬ್ರಿಟನ್ನಿನ ತನಿಖಾ ವರದಿ. ಹಣಕ್ಕೆ ಪ್ರಯಾಣಿಕರನ್ನು ಒಯ್ಯಲು ಬೇಕಾದ ಪರವಾನಗಿಯೇ ಆ ಪೈಲಟ್‌ಗೆ ಇರಲಿಲ್ಲ ಎಂಬುದೂ ಹೊರಬಿತ್ತು. ವಿಷಾನಿಲವನ್ನು ಪತ್ತೆಹಚ್ಚಿ ಕೂಗುವ ಸಾಧನಗಳು ಇಂದು ಸಿಗುತ್ತವೆ. ವಿಮಾನದ ಬೆಲೆಯ ಮುಂದೆ ಅವುಗಳ ಬೆಲೆ ಏನೇನೂ ಅಲ್ಲ.

ರಿಪೇರಿಯೂ ಒಂದು ಅಪಾಯದ ಗಳಿಗೆ ಎಂಬುದು ಕೇಳಲು ವಿಚಿತ್ರ, ಆದರೆ ನಿಜ. 2018ರ ನವೆಂಬರ್ 11ರಂದು ದೊಡ್ಡ ತಪಾಸಣೆ ಮುಗಿಸಿ ಪೋರ್ಚುಗಲ್‌ನಿಂದ ಹೊರಟ ಏರ್ ಅಸ್ತಾನಾದ ಎಂಬ್ರೇಯರ್ ವಿಮಾನದಲ್ಲಿ ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಭಾಗವಾದ ಏಲರಾನ್‌ನ ಕೇಬಲ್‌ಗಳನ್ನು ಅದಲುಬದಲಾಗಿ ಜೋಡಿಸಲಾಗಿತ್ತು. ಪೈಲಟ್ ಎಡಕ್ಕೆ ತಿರುಗಿಸಿದರೆ ವಿಮಾನ ಬಲಕ್ಕೆ ವಾಲುತ್ತಿತ್ತು. ಬಹುಹೊತ್ತು ಹೆಣಗಿ ಬೇಜಾ ವಾಯುನೆಲೆಯಲ್ಲಿ ಇಳಿಸಿದರು. ಆರೂ ಜನ ಉಳಿದರು. ಅದಕ್ಕೇ ಪೈಲಟ್ ಹಾರುವ ಮುನ್ನ ಹಿಡಿಯನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ, ರೆಕ್ಕೆಯ ಭಾಗ ಸರಿಯಾದ ದಿಕ್ಕಿಗೇ ಏಳುತ್ತಿದೆಯೇ ಎಂದು ತಲೆ ತಿರುಗಿಸಿ ನೋಡಬೇಕು. ಅದಕ್ಕೇ ಮೆಕ್ಯಾನಿಕ್ ಕೆಲಸ ಮುಗಿದ ಮೇಲೆ ಉಪಕರಣಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಬೇಕು. ಸಿಗದ ಸ್ಪಾನರ್ ಎಂಜಿನ್ನಿನೊಳಗೇ ಉಳಿದಿರಬಹುದು. ಅದಕ್ಕೇ ಮುಖ್ಯ ಭಾಗಗಳ ಜೋಡಣೆಯನ್ನು ಎರಡನೆಯ ವ್ಯಕ್ತಿಯೊಬ್ಬ ಸ್ವತಂತ್ರವಾಗಿ ಪರೀಕ್ಷಿಸಬೇಕು. ಇದು ಮೊದಲನೆಯವನ ಮೇಲಿನ ಅಪನಂಬಿಕೆಯಿಂದ ಬಂದ ನಿಯಮವಲ್ಲ. ಎಂಥ ಪಳಗಿದ ಕೈಯೂ ದಣಿದಾಗ ತಪ್ಪುತ್ತದೆ.

ತಪ್ಪನ್ನು ಹೇಳಿಕೊಳ್ಳುವವನಿಗೆ ರಕ್ಷಣೆ ಬೇಕು ಎಂಬುದು ಇದರ ಮುಂದಿನ ಮಾತು. ‘ನಿನ್ನೆ ಆ ನಟ್ಟು ಬಿಗಿದೆನೋ ಇಲ್ಲವೋ ನೆನಪಿಲ್ಲ’ ಎಂದು ಬಂದು ಹೇಳುವ ಕಿರಿಯ ತಂತ್ರಜ್ಞನನ್ನು ಬೈದು ಕಳಿಸಿದರೆ, ಮುಂದಿನ ಬಾರಿ ಅವನೂ ಹೇಳುವುದಿಲ್ಲ, ಅವನನ್ನು ನೋಡಿದ ಇತರರೂ ಹೇಳುವುದಿಲ್ಲ. ನಮ್ಮ ದೇಶದ ವಿಮಾನ ಅಪಘಾತ ತನಿಖಾ ಸಂಸ್ಥೆಯಾದ ಎಎಐಬಿ 2012ರಲ್ಲಿ ಡಿಜಿಸಿಎಯಿಂದ ಬೇರೆಯಾಗಿ ಸ್ಥಾಪನೆಯಾಯಿತು. ಅದರ ಗುರಿ ಮುಂದಿನ ಅಪಘಾತವನ್ನು ತಡೆಯುವುದು, ಅಪರಾಧಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದಲ್ಲ. ತರಬೇತಿ ಶಾಲೆಗಳ ಹ್ಯಾಂಗರುಗಳಲ್ಲೂ ಇದೇ ಧೋರಣೆ ನೆಲೆಸಬೇಕು. ಬೇಕೆಂದೇ ಸುಳ್ಳು ಸಹಿ ಹಾಕಿದವನಿಗೆ ಶಿಕ್ಷೆಯಾಗಲಿ. ತಪ್ಪಾಯಿತೆಂದು ತಾನೇ ಬಂದವನಿಗೆ ಧೈರ್ಯ ಸಿಗಲಿ.

ಓದುಗರು ಮಾಡಬಹುದಾದದ್ದೂ ಬಹಳಷ್ಟಿದೆ. ಮಗನನ್ನೋ ಮಗಳನ್ನೋ ಪೈಲಟ್ ಮಾಡಲು ಹೊಲ ಅಡವಿಟ್ಟಾದರೂ ಲಕ್ಷಾಂತರ ರೂಪಾಯಿ ಹೊಂದಿಸುವ ತಂದೆತಾಯಿ ನಮ್ಮಲ್ಲಿದ್ದಾರೆ. ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 200 ಗಂಟೆ ಹಾರಬೇಕು. ಆ ಗಂಟೆಗಳೆಲ್ಲ ಕಳೆಯುವುದು ಇಂಥ ಸಣ್ಣ ವಿಮಾನಗಳಲ್ಲೇ. ಶಾಲೆಗೆ ಹೋದಾಗ ಶುಲ್ಕ, ಹಾಸ್ಟೆಲ್ ಕೇಳಿದಂತೆ ಇವನ್ನೂ ಕೇಳಿ: ಎಷ್ಟು ವಿಮಾನಗಳಿವೆ, ಇಂದು ಹಾರುವ ಸ್ಥಿತಿಯಲ್ಲಿ ಎಷ್ಟಿವೆ? ಪರವಾನಗಿ ಇರುವ ಎಎಂಇಗಳು ಎಷ್ಟು ಮಂದಿ? ದೋಷ ಕಂಡು ವಿದ್ಯಾರ್ಥಿ ಹಾರಲು ಒಪ್ಪದಿದ್ದರೆ ಏನು ಮಾಡುತ್ತೀರಿ? 2025ರಿಂದ ಡಿಜಿಸಿಎ ತರಬೇತಿ ಶಾಲೆಗಳಿಗೆ ದರ್ಜೆ ಕೊಡಲು ಆರಂಭಿಸಿದೆ, ಅದನ್ನೂ ನೋಡಿ. ಉತ್ತರ ಕೊಡಲು ಮುಜುಗರಪಡುವ ಶಾಲೆಯಿಂದ ದೂರವಿರಿ.

ಬಾಡಿಗೆಗೆ ವಿಮಾನ, ಹೆಲಿಕಾಪ್ಟರ್ ಹಿಡಿಯುವವರು ಅದಕ್ಕೆ ಬಾಡಿಗೆ ಹಾರಾಟದ ಅನುಮತಿ ಇದೆಯೇ ಎಂದು ಕೇಳಬೇಕು. ಸ್ವಂತ ಬಳಕೆಗೆಂದು ನೋಂದಾಯಿಸಿದ ವಿಮಾನದಲ್ಲಿ ದುಡ್ಡು ಪಡೆದು ಜನರನ್ನು ಒಯ್ಯುವಂತಿಲ್ಲ. ಸಭೆಗೆ ಹೆಲಿಪ್ಯಾಡ್ ಸಿದ್ಧ ಮಾಡುವ ಸ್ಥಳೀಯರು ಮೈದಾನದ ಪ್ಲಾಸ್ಟಿಕ್ ಚೀಲ, ಬ್ಯಾನರ್, ಶಾಮಿಯಾನದ ಬಟ್ಟೆಯನ್ನೆಲ್ಲ ತೆಗೆಸಬೇಕು. 2023ರ ಮಾರ್ಚ್ 6ರಂದು ಜೇವರ್ಗಿಯಲ್ಲಿ ಬಿ.ಎಸ್. ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವಾಗ ಪ್ಲಾಸ್ಟಿಕ್ ಹಾಳೆಗಳು ಹಾರಿ, ಪೈಲಟ್ ಮತ್ತೆ ಮೇಲೇರಬೇಕಾಯಿತು. ಊಟದ ಎಲೆ, ಮಾಂಸದ ತ್ಯಾಜ್ಯ ಹತ್ತಿರ ಬಿದ್ದಿದ್ದರೆ ಹದ್ದು ಬರುತ್ತದೆ. ಅದೇ ವರ್ಷದ ಮೇ 2ರಂದು ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರಿಗೆ ಹೊಸಕೋಟೆ ಬಳಿ ಹಕ್ಕಿ ಬಡಿದು ಮುಂದಿನ ಗಾಜೇ ಒಡೆಯಿತು.

ಯಾವುದಾದರೂ ದಿನ ಸಣ್ಣ ವಿಮಾನವೊಂದು ನಿಮ್ಮ ಹೊಲದಲ್ಲಿ ಇಳಿದರೆ ಮೊದಲು 112ಕ್ಕೆ ಕರೆ ಮಾಡಿ. ಬೀಡಿ, ಸಿಗರೇಟು ಹತ್ತಿರ ಬೇಡವೇ ಬೇಡ. ಆವ್‌ಗ್ಯಾಸ್ ಪೆಟ್ರೋಲಿನಂತೆ ಥಟ್ಟನೆ ಹೊತ್ತುತ್ತದೆ. ನಿಂತಿರುವ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಬೇಡಿ. ಮ್ಯಾಗ್ನೆಟೊಗೆ ಬ್ಯಾಟರಿ ಬೇಕಿಲ್ಲ, ಎಂಜಿನ್ ಒದ್ದು ಕೈ ತುಂಡಾದೀತು. ಒಳಗಿದ್ದವರಿಗೆ ಬೆಂಕಿಯ ಭಯವಿದ್ದರೆ ಹೊರಗೆಳೆಯಿರಿ, ಇಲ್ಲವಾದರೆ ವೈದ್ಯರು ಬರುವತನಕ ಅಲುಗಾಡಿಸದಿರಿ. ಚೂರುಗಳನ್ನು ನೆನಪಿಗೆಂದು ಒಯ್ಯಬೇಡಿ; ಒಂದು ಮುರಿದ ಬೋಲ್ಟ್ ತನಿಖೆಯ ಪೂರ್ತಿ ಉತ್ತರವಾಗಿರಬಹುದು. ಕಾಡಿನಲ್ಲಿ ಬಿದ್ದರೆ ಹುಡುಕುವುದೇ ಕಷ್ಟ. 2009ರ ಸೆಪ್ಟೆಂಬರ್ 2ರಂದು ನಲ್ಲಮಲ ಕಾಡಿನಲ್ಲಿ ಬಿದ್ದ ಆಂಧ್ರ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ಪತ್ತೆಯಾದದ್ದು ಮರುದಿನ. ನಾಗರಹೊಳೆಯಂಥ ಕಾಡಿನ ಮೇಲೆ ಹಾರುವವರು ತಮ್ಮ ತುರ್ತು ಸಂಕೇತದ ಪೆಟ್ಟಿಗೆಯ ಬ್ಯಾಟರಿಗೆ ಅವಧಿ ಇದೆಯೇ ಎಂದು ನೋಡದೆ ಹೊರಡಬಾರದು.

ಕೊನೆಯದಾಗಿ ಒಂದು ವಿನಂತಿ. ನಮ್ಮಲ್ಲಿ ಪೈಲಟ್‌ಗಳ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಹ್ಯಾಂಗರಿನಲ್ಲಿ ಗ್ರೀಸ್ ಮೆತ್ತಿಕೊಂಡು ನಿಂತವರ ಚಿತ್ರ ಬರುವುದಿಲ್ಲ. ಶಾಲೆಗಳು ಅವರಿಗೆ ತಕ್ಕ ಸಂಬಳ, ಸಾಕಷ್ಟು ನಿದ್ದೆ, ಬೇಕಾದ ಬಿಡಿಭಾಗ ಕೊಡಲಿ. ಮಾಲೀಕರು ತಪಾಸಣೆಯ ದಿನಾಂಕವನ್ನು ಒಂದು ದಿನವೂ ಮುಂದೂಡದಿರಲಿ. ಮತ್ತು ಎಂಜಿನಿಯರ್ ಆಗಲಿ ಪೈಲಟ್ ಆಗಲಿ ‘ಇವತ್ತು ಈ ವಿಮಾನ ಹಾರುವುದಿಲ್ಲ’ ಎಂದಾಗ, ಎದುರಿಗಿರುವವರು ಮಂತ್ರಿಯಾದರೂ, ಮಾಲೀಕನಾದರೂ, ಹಣ ಕಟ್ಟಿದ ಪ್ರವಾಸಿಯಾದರೂ, ಆ ಮಾತಿಗೆ ಎದುರು ಹೇಳದೆ ಮನೆಗೆ ಮರಳಲಿ.